ಅಜ್ಜಿಯ ಎಕ್ಸ್‌ರೇಯಿಂದ ಕತ್ತರಿಸಿದ ಕೂಲಿಂಗ್ ಗ್ಲಾಸ್

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಅಜ್ಜಿಯ ಎದೆಯ ಎಕ್ಸ್‌ರೇಯನ್ನು ಕತ್ತರಿಸಿ, ಎರಡೂ ಬದಿಗೆ ರಬ್ಬರ್ ಬ್ಯಾಂಡ್ ಕಟ್ಟಿ, ಕಣ್ಣಿಗೆ ಏರಿಸಿಕೊಂಡು ಇಡೀ ಶಾಲೆಯನ್ನು ನಗಿಸಿದವನು ನಾನು. ಅಜ್ಜಿಗೆ ವಿಷಯ ಗೊತ್ತಾದಾಗ ಒಂದು ವಾರ ನನಗೆ ಮೀನಿನ ತಲೆ ಮಾತ್ರ ಬಡಿಸಿದಳು. ಆ ಇಡೀ ಕಥೆಯಲ್ಲಿ ನನಗೆ ಸಿಕ್ಕಿದ ಶಿಕ್ಷೆ ಅಷ್ಟೇ.

ನಾನು ಅಣಕಿಸಿದ್ದು ನಮ್ಮ ಪಿ.ಟಿ. ಮಾಸ್ಟ್ರನ್ನು. ಅವರ ಮುಖವೆಂದರೆ ಮೂಗಿನ ತುದಿ, ದಪ್ಪ ಮೀಸೆ ಮತ್ತು ಗಲ್ಲ. ಉಳಿದದ್ದೆಲ್ಲ ಕೂಲಿಂಗ್ ಗ್ಲಾಸ್. ಈ ಕಿವಿಯಿಂದ ಆ ಕಿವಿಯವರೆಗೆ ಒಂದೇ ಹಾಳೆ. ಹುಬ್ಬಿನ ಮೇಲಿನಿಂದ ಕೆನ್ನೆಯವರೆಗೆ ಇಳಿದದ್ದು. ನೀರಿನ ಮೇಲೆ ಸೀಮೆಎಣ್ಣೆ ಚೆಲ್ಲಿದಾಗ ಹೊಳೆಯುತ್ತದಲ್ಲ, ಆ ಬಣ್ಣ. ಬಹರೈನಿನಲ್ಲಿದ್ದ ಅವರ ಭಾವ ತಂದುಕೊಟ್ಟದ್ದು. ಫಾರಿನ್ನಿನಲ್ಲಿ ಸೈಕಲ್ ರೇಸಿನವರು, ಗುಡ್ಡ ಓಡುವವರು ಹಾಕಿಕೊಳ್ಳುವುದಂತೆ. ಕಾರ್ಕಳದಲ್ಲಿ ಅಂಥದ್ದನ್ನು ಯಾರೂ ಕಂಡಿರಲಿಲ್ಲ. ಸ್ಕೂಟರಿನ ಮುಂದಿನ ಗಾಜನ್ನು ಬಿಚ್ಚಿ ಕಿವಿಗೆ ಸಿಕ್ಕಿಸಿಕೊಂಡಿದ್ದಾರೆ ಎಂದು ಮೊದಲು ಹೇಳಿದವನು ನಾನೇ. ಆ ಮಾತು ಸಂಜೆಯೊಳಗೆ ಬಸ್‌ಸ್ಟ್ಯಾಂಡ್ ಮುಟ್ಟಿತ್ತು.

ಮಾಸ್ಟ್ರು ಕಾಪುವಿನವರು. ಕಾರ್ಕಳದಲ್ಲಿ ಶಾಲೆಯ ಹಿಂದೆ ಒಂದು ಕೋಣೆ ಮಾಡಿಕೊಂಡಿದ್ದರು. ಹೆಂಡತಿ, ಸಣ್ಣ ಮಗಳು ಊರಿನಲ್ಲೇ. ಶನಿವಾರ ಅರ್ಧ ದಿನದ ಶಾಲೆ ಬಿಟ್ಟೊಡನೆ ಗ್ಲಾಸ್ ಏರಿಸಿ, ಸೈಕಲ್ ಹತ್ತಿ, ಬೆಳ್ಮಣ್ಣಿನ ದಾರಿಯಾಗಿ ಕಾಪುವಿಗೆ ಹೊರಡುತ್ತಿದ್ದರು. ಐದು ನಿಮಿಷ ತಡವಾದರೂ ಚಡಪಡಿಸುತ್ತಿದ್ದರು. ಹೊತ್ತು ಮುಳುಗುವ ಮೊದಲು ಗೂಡು ಸೇರುವ ಕೋಳಿ ಎಂದು ಅದಕ್ಕೂ ನಾನು ಹೆಸರಿಟ್ಟೆ.

ಅವರದು ತಾತ್ಕಾಲಿಕ ಕೆಲಸ. ಆ ವರ್ಷ ಖಾಯಂ ಆಗಬೇಕಿತ್ತು. ಶಾಲೆಯ ಸಂಚಾಲಕರು ಕ್ರೀಡಾಕೂಟ ಮುಗಿದ ಮೇಲೆ ಆರ್ಡರಿಗೆ ಸಹಿ ಹಾಕುತ್ತಾರೆ ಎಂಬುದು ಸ್ಟಾಫ್ ರೂಮಿನಿಂದ ಹಿಡಿದು ಗಂಟೆ ಹೊಡೆಯುವವನವರೆಗೆ ಎಲ್ಲರಿಗೂ ಗೊತ್ತಿತ್ತು. ಖಾಯಂ ಆದರೆ ಹೆಂಡತಿ ಮಗಳನ್ನು ಕರೆತರುತ್ತೇನೆ, ಮನೆ ನೋಡಿಟ್ಟಿದ್ದೇನೆ, ಬಾವಿಯ ನೀರು ಒಳ್ಳೆಯದುಂಟು ಎಂದು ನಮ್ಮ ಹತ್ತಿರವೂ ಹೇಳಿದ್ದರು.

ಓಟ ಕಲಿಸುವುದೆಂದರೆ ಅವರೇ. ಶಾಲೆಯ ಹಿಂದಿನ ಬೋಳುಬಂಡೆಯ ಪಾದೆಗುಡ್ಡದ ಮೇಲೆ, ಮುಳ್ಳು, ಕೆಂಪು ಮುರಕಲ್ಲುಗಳ ನಡುವೆ, ಕಾಲುದಾರಿಯುದ್ದಕ್ಕೂ ಕಲ್ಲುಗಳಿಗೆ ತಾವೇ ಸುಣ್ಣ ಬಳಿದಿದ್ದರು. ಹುಡುಗರು ದಾರಿ ತಪ್ಪಬಾರದು ಎನ್ನುತ್ತಿದ್ದರು. ದಿನಾ ಆ ಗುಡ್ಡದಲ್ಲಿ ಸೌದೆ ಒಟ್ಟುವ ನಮಗೆ ಯಾಕಪ್ಪಾ ಸುಣ್ಣದ ಕಲ್ಲು ಎಂದು ನಾವು ನಗುತ್ತಿದ್ದೆವು. ಅವರು ಮುಂದೆ, ನಾವು ಹಿಂದೆ. ಯಾರಾದರೂ ನೆಲ ನೋಡುತ್ತಾ ಓಡಿದರೆ ತಲೆಗೊಂದು ಮೊಟಕುತ್ತಿದ್ದರು. “ಕೆಳಗೆ ಎಂತ ನೋಡ್ತಿ ಪುತಾ? ಕಾಲಿಗೆ ದಾರಿ ಗೊತ್ತುಂಟು. ಅದನ್ನು ನಂಬು.” ಪುತಾ ಎಂದರೆ ಕೊಂಕಣಿಯಲ್ಲಿ ಮಗನೇ ಎಂದು. ಶೆಟ್ಟರ ಹುಡುಗ, ಬ್ಯಾರಿಗಳ ಹುಡುಗ, ಭಟ್ಟರ ಹುಡುಗ ಎಲ್ಲರೂ ಅವರಿಗೆ ಪುತಾ. ಮನೆಯಲ್ಲಿ ನನ್ನನ್ನು ಮಂಗ ಎನ್ನುತ್ತಿದ್ದುದರಿಂದ ನನಗೆ ಅದು ಬಡ್ತಿಯೇ ಆಗಿತ್ತು.

ಅಣಕಿಸುವವನಿಗೆ ಒಂದು ಚಟ ಇರುತ್ತದೆ. ಎಲ್ಲರೂ ಮಾತು ಕೇಳಿಸಿಕೊಂಡರೆ ಅವನು ಮೈ ನೋಡುತ್ತಾನೆ. ಬದಿಯಲ್ಲಿದ್ದವರನ್ನು ನೋಡಲು ಮಾಸ್ಟ್ರು ಕಣ್ಣು ಹೊರಳಿಸುವುದಿಲ್ಲ, ಇಡೀ ಕುತ್ತಿಗೆಯನ್ನೇ ತಿರುಗಿಸುತ್ತಾರೆ. ಮೆಟ್ಟಿಲು ಬಂದರೆ ಬೂಟಿನ ತುದಿಯಿಂದ ಒಮ್ಮೆ ತಟ್ಟಿ ನೋಡುತ್ತಾರೆ. ಬದಿಯಿಂದ ಚಾ ಚಾಚಿದರೆ ಗೊತ್ತಾಗದು. ಎದುರಿಗೆ ಹಿಡಿದರೆ ಗಬಕ್ಕನೆ ತೆಗೆದುಕೊಳ್ಳುತ್ತಾರೆ. ಒಮ್ಮೆ ಅವರ ಬದಿಯಲ್ಲೇ ನಿಂತು ನಾನು ಹೆಡ್‌ಮಾಸ್ಟ್ರ ಸ್ವರದಲ್ಲಿ ಕೆಮ್ಮಿ, ಮಕ್ಕಳನ್ನು ಬಿಸಿಲಿನಲ್ಲಿ ಯಾಕೆ ನಿಲ್ಲಿಸಿದ್ದೀರಿ ಎಂದು ಕೇಳಿದೆ. ಮಾಸ್ಟ್ರು ಟೊಪ್ಪಿ ತೆಗೆದು, ನೆಟ್ಟಗೆ ನಿಂತು, ಈಗ ಬಿಡ್ತೇನೆ ಸಾರ್ ಎಂದರು. ಹುಡುಗರು ಬಿದ್ದು ಬಿದ್ದು ನಕ್ಕರು. ಮಾಸ್ಟ್ರೂ ನಕ್ಕರು, ಆದರೆ ತುಸು ತಡವಾಗಿ. ಇದನ್ನೆಲ್ಲ ನಾನು ಜೋಪಾನವಾಗಿ ತೆಗೆದಿಟ್ಟುಕೊಂಡೆ. ಜಂಬದ ಕೂಲಿಂಗ್ ಗ್ಲಾಸ್ ಹಾಕಿದವನಿಗೆ ನೆಲ ಕಾಣುವುದಿಲ್ಲ ಎಂಬಲ್ಲಿಗೆ ನನ್ನ ಬುದ್ಧಿ ಮುಗಿದಿತ್ತು.

ಕ್ರೀಡಾಕೂಟದ ದಿನ ಬಹುಮಾನ ಕೊಡುವ ಮೊದಲು ಐದು ನಿಮಿಷದ ಮನರಂಜನೆ. ಸಂಚಾಲಕರು ಮುಂದಿನ ಸಾಲಿನಲ್ಲಿದ್ದರು. ಮಾಸ್ಟ್ರ ಹೆಂಡತಿ ಮಗಳನ್ನು ಕರೆದುಕೊಂಡು ಕಾಪುವಿನಿಂದ ಬಂದು ಹೆಂಗಸರ ಕಡೆ ಕುಳಿತಿದ್ದರು. ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಅವರನ್ನೂ ನಾವು ಬಾಯಿ ಎನ್ನುತ್ತಿದ್ದೆವು. ನಾನು ಅಜ್ಜಿಯ ಪಕ್ಕೆಲುಬು ಏರಿಸಿಕೊಂಡು ವೇದಿಕೆ ಹತ್ತಿದೆ. ಮೆಟ್ಟಿಲನ್ನು ಬೂಟಿನಿಂದ ತಟ್ಟಿದೆ. ಕುತ್ತಿಗೆಯನ್ನು ಕೋಳಿಯ ಹಾಗೆ ತಿರುಗಿಸಿದೆ. ಎರಡೂ ಕೈ ಬೀಸಿ ಬೀಸಿ ಅವರ ಹಾಗೆ ವೇದಿಕೆಯ ಸುತ್ತ ಓಡಿದೆ. ಬದಿಯಿಂದ ಒಬ್ಬ ಚಾ ಚಾಚಿದ. ಕಾಣದವನ ಹಾಗೆ ಎದುರು ನೋಡಿ ನಗುತ್ತಾ ನಿಂತೆ. ಮೈದಾನ ಮೈದಾನವೇ ನಕ್ಕಿತು. ಸಂಚಾಲಕರು ಕರವಸ್ತ್ರದಿಂದ ಕಣ್ಣೊರೆಸಿಕೊಂಡರು. ಮಾಸ್ಟ್ರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದರು. ಬಾಯಿ ಮಾತ್ರ ಮಗಳನ್ನು ಮಡಿಲಿಗೆ ಎಳೆದುಕೊಂಡು ತಲೆ ತಗ್ಗಿಸಿದರು.

ಆಮೇಲೆ ಬಹುಮಾನ. ತಟ್ಟೆಯಿಂದ ಬಹುಮಾನದ ಕಪ್ ಎತ್ತಿ ಸಂಚಾಲಕರ ಕೈಗೆ ಕೊಡುವುದು ಮಾಸ್ಟ್ರ ಕೆಲಸ. ತಟ್ಟೆ ಹಿಡಿದ ಹುಡುಗಿ ಅವರ ಬದಿಯಲ್ಲಿ ಬಂದು ನಿಂತಳು. ಮಾಸ್ಟ್ರು ಎದುರು ನೋಡಿ ನಗುತ್ತಾ ನಿಂತೇ ಇದ್ದರು. ಅವಳು ತಟ್ಟೆಯನ್ನು ಇನ್ನಷ್ಟು ಚಾಚಿದಳು. ಮಾಸ್ಟ್ರು ನಗುತ್ತಲೇ ಇದ್ದರು. ಅವರೂ ನನ್ನ ಅಣಕ ಮಾಡುತ್ತಿದ್ದಾರೆ ಎಂದುಕೊಂಡು ಜನ ಇನ್ನೊಮ್ಮೆ ನಕ್ಕರು. ಸಂಚಾಲಕರು ನಗಲಿಲ್ಲ. ಅವರು ವೇದಿಕೆಯ ಕೆಳಗಿದ್ದ ನನ್ನನ್ನು ನೋಡಿದರು, ಮಾಸ್ಟ್ರನ್ನು ನೋಡಿದರು. ನನ್ನ ಕಿವಿಯಲ್ಲಿ ರಬ್ಬರ್ ಬ್ಯಾಂಡ್ ಇನ್ನೂ ನೇತಾಡುತ್ತಿತ್ತು.

ಸಹಿ ಬೀಳಲಿಲ್ಲ. ಕಣ್ಣಿನ ಸರ್ಟಿಫಿಕೇಟ್ ತನ್ನಿ ಎಂದರಂತೆ. ಹೊಸದಾಗಿ ತರುವುದೇನಿತ್ತು, ಮಣಿಪಾಲದ ಡಾಕ್ಟ್ರು ಎರಡು ವರ್ಷದ ಹಿಂದೆಯೇ ಬರೆದುಕೊಟ್ಟದ್ದು ಅವರ ಟ್ರಂಕಿನ ತಳದಲ್ಲಿತ್ತು. ಬದಿಗಳಿಂದ ನೋಟ ಮುಚ್ಚುತ್ತಾ ಬರುವ ಕಾಯಿಲೆ. ಮದ್ದಿಲ್ಲ. ಸಂಜೆಯಾದರೆ ಕುರುಡು, ಬಿಸಿಲು ಬಿದ್ದರೆ ಉರಿ. ಹಾಗಾಗಿ ಆ ಗ್ಲಾಸ್. ಗುಡ್ಡದ ಸುಣ್ಣದ ಕಲ್ಲುಗಳು ಯಾರಿಗಾಗಿ ಎಂದು ಶಾಲೆಯ ಗುಮಾಸ್ತರು ಇದನ್ನು ಹೇಳಿದ ದಿನ ನನಗೆ ತಿಳಿಯಿತು.

ಕೆಲಸ ಬಿಟ್ಟು ಊರಿಗೆ ಹೊರಡುವ ದಿನ ಮಾಸ್ಟ್ರು ಸೈಕಲಿನ ಹಿಂದೆ ಟ್ರಂಕು ಕಟ್ಟುತ್ತಿದ್ದರು. ನಾನು ಬದಿಯಿಂದ ಹೋಗಿ ಹಗ್ಗದ ತುದಿ ಹಿಡಿದೆ. ಹಗ್ಗ ಹಿಡಿದ ರೀತಿಯಿಂದಲೋ ಏನೋ, ಅವರಿಗೆ ನಾನೆಂದು ಗೊತ್ತಾಯಿತು. “ಎಲ್ಲ ಸರಿ ಮಾಡಿದಿ ಪುತಾ. ಓಟ ಮಾತ್ರ ತಪ್ಪು. ನಾನು ಕೈ ಅಷ್ಟು ಬೀಸುದಿಲ್ಲ.” ಇಷ್ಟೇ ಹೇಳಿ ಸೈಕಲ್ ತಳ್ಳಿಕೊಂಡು ಹೋದರು. ಮುಂದಿನ ವರ್ಷ ಗುಡ್ಡದ ಓಟದಲ್ಲಿ ನನಗೆ ಜಿಲ್ಲೆಗೆ ಎರಡನೇ ಸ್ಥಾನ ಬಂತು. ಕೈ ಬೀಸುವುದನ್ನು ಕಡಿಮೆ ಮಾಡಿದ್ದೆ.

ಕಾಪುವಿನಲ್ಲಿ ಅವರು ದಿನಾ ಬೆಳಿಗ್ಗೆ ಸಮುದ್ರದ ಒದ್ದೆ ಮರಳಿನ ಮೇಲೆ ದೀಪಸ್ತಂಭದವರೆಗೆ ಸೈಕಲ್ ಓಡಿಸುತ್ತಿದ್ದರಂತೆ. ಗುದ್ದಲಿಕ್ಕೆ ಅಲ್ಲಿ ಎಂತ ಉಂಟು, ಸಮುದ್ರವಾದರೆ ಶಬ್ದ ಮಾಡ್ತದೆ ಎಂದು ನನ್ನ ಸ್ನೇಹಿತನೊಬ್ಬನಿಗೆ ಹೇಳಿದ್ದರಂತೆ. ಆದರೆ ಮರಳಿಗೆ ಹೋಗಬೇಕಾದರೆ ಹೈವೇ ದಾಟಬೇಕು. ಎರಡು ವರ್ಷ ಹೇಗೋ ದಾಟಿದರು. ಒಂದು ಬೆಳಿಗ್ಗೆ ಸೈಕಲ್ ತಳ್ಳಿಕೊಂಡು ದಾಟುವಾಗ ಬದಿಯಿಂದ ಬಸ್ಸು ಬಂತು.

ನಾನು ಹೋದಾಗ ಮನೆ ತುಂಬ ಜನ. ಶವಪೆಟ್ಟಿಗೆಯ ಬಳಿ ಮೇಣದ ಬತ್ತಿಗಳು, ಪಕ್ಕದ ಸ್ಟೂಲಿನ ಮೇಲೆ ಆ ಗ್ಲಾಸ್, ಗೀರು ಕೂಡ ಇಲ್ಲದೆ. ಮೂಲೆಯಲ್ಲಿ ಯಾರೋ ಇಬ್ಬರು ಕೊನೆಯವರೆಗೂ ಸ್ಟೈಲ್ ಬಿಡಲಿಲ್ಲ ನೋಡು ಮಾರಾಯ ಎಂದು ಪಿಸುಗುಟ್ಟುತ್ತಿದ್ದರು. ಆ ಗ್ಲಾಸ್ ಬರೀ ಜಂಬ ಎಂಬುದು ನಾನೇ ಊರಿಗೆ ಹಂಚಿದ ಮಾತು. ಬಸ್‌ಸ್ಟ್ಯಾಂಡ್ ದಾಟಿ ಇಲ್ಲಿಯವರೆಗೆ ಬಂದಿತ್ತು.

ಬಾಯಿಯ ಎದುರು ಕುಳಿತು, ದಾರಿಯುದ್ದಕ್ಕೂ ಬಸ್ಸಿನಲ್ಲಿ ಕಟ್ಟಿಕೊಂಡು ಬಂದದ್ದನ್ನು ಒಪ್ಪಿಸಿದೆ. ನಾನಾಗ ಸಣ್ಣವ, ಬೇಕೆಂದು ಮಾಡಿದ್ದಲ್ಲ, ಮಾಸ್ಟ್ರಿಗೆ ಕಣ್ಣು ಕಾಣುವುದಿಲ್ಲ ಎಂದು ನನಗೆ ನಿಜವಾಗಿಯೂ ಗೊತ್ತಿರಲಿಲ್ಲ ಬಾಯಿ, ಎಂದೆ.

ಬಾಯಿ ಅಳುತ್ತಿರಲಿಲ್ಲ. ನನ್ನ ಮುಖವನ್ನೇ ನೋಡಿದರು.

“ಗೊತ್ತಿಲ್ಲದೆ ಅಷ್ಟು ಸರಿಯಾಗಿ ಮಾಡ್ಲಿಕ್ಕೆ ಆಗ್ತದಾ ಪುತಾ?”