ಸಿರಾದಲ್ಲಿ ಡ್ರೈವರನ ಚಪ್ಪಲಿ ಕಾದದ್ದು

ಬಸ್ಸು ಹೊರಡುವಷ್ಟರಲ್ಲಿ ಸಿರಾ ತೋರಿಸಿಬಿಡುತ್ತೇನೆಂದು ಅತ್ತರಿನ ಅಂಗಡಿಯ ಹುಸೇನ್ ಸಾಹೇಬರು ನನ್ನನ್ನು ನಡೆಸಿಕೊಂಡು ಹೊರಟರು. ನಾನು ದಾರಿಯುದ್ದಕ್ಕೂ ಚೌಕಾಸಿ ಮಾಡಿದೆ. ಕೋಟೆಯನ್ನು ಹೊರಗಿನಿಂದ ನೋಡಿದರೆ ಸಾಕು, ಹಳೆಯ ಸುಬೇದಾರನ ಗೋರಿಯ ಒಳಗೆ ಹೋಗುವುದು ಬೇಡ ಎಂದೆ. ಸಂಜೆ ಮಧುಗಿರಿಯಲ್ಲಿ ಮಗಳನ್ನು ನೋಡಲು ಗಂಡಿನ ಕಡೆಯವರು ಬರುತ್ತಾರೆ; ಅಲ್ಲಿಗೆ ಇರುವುದು ಇದೊಂದೇ ಬಸ್ಸು.

"ಯಾಕ್ ಇಂಗ್ ಒದ್ದಾಡ್ತೀರಿ ಸೆಟ್ರೇ, ಬಸ್ಸು ಎಲ್ಲೂ ಹೋಗಾಕಿಲ್ಲ," ಎಂದು ಅವರು ಜುಮ್ಮಾ ಮಸೀದಿಯ ಮುಂದೆ ನಿಂತರು. "ಅಗೋ, ಕೊಳದ ಹತ್ರ ಕಾಲು ತೊಳೀತಾವ್ನಲ್ಲ, ಅವ್ನೇ ನಿಮ್ ಡ್ರೈವರ್ರು. ಶುಕ್ರವಾರದ ನಮಾಜು ಮುಗೀದೆ ಗಾಡಿ ಎತ್ತಾಕಿಲ್ಲ."

ಸಾಹೇಬರು ಕಂಬ, ಕಮಾನು ಎಂದು ಏನೇನೋ ವಿವರಿಸಿ ತಾವೂ ನಮಾಜಿಗೆ ಒಳಗೆ ಹೋದರು. ನಾನು ಮೆಟ್ಟಿಲ ಬಳಿ ಡ್ರೈವರು ಬಿಟ್ಟಿದ್ದ ಚಪ್ಪಲಿಯ ಪಕ್ಕ ಕುಳಿತುಬಿಟ್ಟೆ. ಈ ಕಡೆ ಬರುವವರಿಗೆ ನಾನು ಹೇಳುವುದಿಷ್ಟೇ: ಮೊದಲು ಡ್ರೈವರನ ಮುಖ ಗುರುತು ಮಾಡಿಕೊಳ್ಳಿ, ಊರು ಆಮೇಲೆ ನೋಡಿ.

ನಮಾಜು ಮುಗಿಸಿ ಬಂದ ಡ್ರೈವರು ನನ್ನನ್ನು ಕಂಡು ನಕ್ಕ. "ನನ್ ಚಪ್ಪಲಿ ಯಾರೂ ಕದಿಯಾಕಿಲ್ಲ ಸೆಟ್ರೇ. ಮನೇಲಿ ಒಂದ್ ತುತ್ತು ತಿಂದು ಬಂದ್ಬುಡ್ತೀನಿ."

"ತಿನ್ನಪ್ಪ, ತಿನ್ನು. ನಾನೂ ಬತ್ತೀನಿ," ಎಂದು ಬೆನ್ನು ಹತ್ತಿದೆ.

ಈಗ ಅವನ ಮನೆಯ ಜಗಲಿಯ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಒಳಗೆ ತಟ್ಟೆಯ ಸದ್ದು ನಿಂತಂತಾಗಿ, ಹಿಂದುಗಡೆ ಬಾಗಿಲೇನಾದರೂ ಇದೆಯೇ ಎಂದು ಎದ್ದು ನೋಡಿ ಬಂದೆ. ಸಿರಾದಲ್ಲಿ ಇವತ್ತು ನಾನು ಪೂರ್ತಿ ಸುತ್ತು ಹಾಕಿ ನೋಡಿದ್ದು ಈ ಮನೆಯೊಂದನ್ನೇ.