ಟಬ್ಬಿನ ಗೋಡೆಯ ಈಚೆ ನನ್ನ ಮಂಚ

ಅತ್ತಿಗುಪ್ಪೆಯ ನಮ್ಮ ಮನೆಯಲ್ಲಿ ಮಹಡಿ ಮೇಲಿನ ದೊಡ್ಡ ಕೋಣೆಯನ್ನು ಎರಡು ಮಾಡಿ, ಅರ್ಧ ನನಗೆ, ಇನ್ನರ್ಧದಲ್ಲಿ ಟಬ್ಬಿಟ್ಟು ಬಚ್ಚಲು ಅಂತ ಮಗ ಸೊಸೆ ತೀರ್ಮಾನ ಮಾಡಿದರು. ಮಲಗಿಕೊಂಡು ಸ್ನಾನ ಮಾಡುವುದು ಎಮ್ಮೆಯ ಕೆಲಸ ಅಂತ ನನ್ನ ಅಭಿಪ್ರಾಯ. ಆದರೂ ಬೇಡ ಅನ್ನಲಿಲ್ಲ. ನನ್ನ ಚಿಂತೆ ಗೋಡೆಯದು. ಇಟ್ಟಿಗೆ ಕಟ್ಟಿದರೆ ಕೆಳಗಿನ ತಾರಸಿ ಮೋಲ್ಡಿಗೆ ಭಾರ, ಅದಕ್ಕೆ ಕಬ್ಬಿಣದ ಚೌಕಟ್ಟಿಗೆ ಹಲಗೆ ಹೊಡೆದು ಅದರ ಮೇಲೆ ಟೈಲ್ಸ್ ಅಂಟಿಸುತ್ತಾರಂತೆ. ಹಲಗೆಯ ಆಚೆ ಟಬ್ಬು, ಈಚೆ ನನ್ನ ಮಂಚ. ಹಿಂದಿನ ಬಾಡಿಗೆ ಮನೆಯಲ್ಲಿ ತೇವದ ಗೋಡೆ ಪಕ್ಕ ಮಲಗಿ ವರ್ಷಗಟ್ಟಲೆ ಕೆಮ್ಮಿದವಳು ನಾನು. ಇನ್ನೊಂದು ಸಲ ಆಗಲ್ಲ ಅಂತ ಮೊದಲೇ ಹೇಳಿಬಿಟ್ಟೆ.

ಮಗನಿಗೆ ಜಿಪ್ಸಮ್ ಹಲಗೆ ಇಷ್ಟ, ನೋಡೋಕೆ ನಯ. ಸೊಸೆ ಪ್ಲೈವುಡ್ ಗಟ್ಟಿ ಅಂದಳು. ಗಾರೆ ಮೇಸ್ತ್ರಿ ಸಿಮೆಂಟ್ ಬೋರ್ಡ್ ಅಂದ. ಮಾತು ಮುಗಿಯುವ ಹಾಗೆ ಕಾಣಲಿಲ್ಲ. ನಾನು ಮೂರರದ್ದೂ ಒಂದೊಂದು ತುಂಡು ತರಿಸಿ, ಇಡ್ಲಿಗೆ ಅಕ್ಕಿ ನೆನೆಹಾಕುವ ಹಾಗೆ ಬಕೆಟ್ಟಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ನೋಡಿದರೆ ಜಿಪ್ಸಮ್ಮು ನೆನೆದ ಅವಲಕ್ಕಿಯಾಗಿತ್ತು. ಪ್ಲೈವುಡ್ಡಿನ ಅಂಚು ಊದಿ ಪದರ ಬಿಟ್ಟಿತ್ತು. ಸಿಮೆಂಟ್ ಬೋರ್ಡು ಇದ್ದ ಹಾಗೇ ಇತ್ತು. ಇದನ್ನೇ ಹೊಡೀರಿ, ಟೈಲ್ಸ್ ಅಂಟಿಸಿ, ಮುಗೀತು ಅಂದೆ.

ಮುಗಿದಿರಲಿಲ್ಲ. ಮೇಸ್ತ್ರಿ ಆ ತುಂಡನ್ನು ಒರೆಸಿ, ಮುರಿದು ತೋರಿಸಿದ. ಒಳಗೆಲ್ಲ ಒದ್ದೆ.

“ಇದು ಕೊಳೆಯಲ್ಲಮ್ಮ, ಆದ್ರೆ ನೀರು ಕುಡಿಯುತ್ತೆ. ಕುಡಿದಿದ್ದನ್ನ ನಿಮ್ಮ ಕಡೆ ಬಿಡುತ್ತೆ.”

ಟೈಲ್ಸಿಗೆ ಮುಂಚೆ ನೀರು ತಡೆಯೋ ವಾಟರ್‌ಪ್ರೂಫ್ ಬಳೀಲೇಬೇಕು ಅಂದ. ಸರಿ, ಒಪ್ಪಿದೆ. ಹಲಗೆಗಳು ಕೂಡುವ ಕಡೆ ಬಲೆಯಂಥ ಪಟ್ಟಿ ಅಂಟಿಸಿದ, ಸ್ಕ್ರೂ ತಲೆಗಳನ್ನು ಮುಚ್ಚಿದ, ಟಬ್ಬಿನ ಅಂಚಿನಿಂದ ಮೇಲಕ್ಕೆ ವಾಟರ್‌ಪ್ರೂಫ್ ಬಳಿದ. ಒಂದು ಕೋಟು ಅಡ್ಡಡ್ಡ, ಅದು ಒಣಗಿದ ಮೇಲೆ ಇನ್ನೊಂದು ಉದ್ದುದ್ದ.

ಎರಡನೇ ಕೋಟು ಬಳಿದ ದಿನವೇ ನೀರು ತುಂಬುವ ಹಬ್ಬ. ದೀಪಾವಳಿಯ ಆ ಸಂಜೆ ಬಚ್ಚಲು ತೊಳೆದು, ಹಂಡೆ ಸಿಂಗರಿಸಿ ನೀರು ತುಂಬಿಟ್ಟರೆ ಮಾರನೇ ದಿನ ಬೆಳಗಿನ ಜಾವ ಎಣ್ಣೆಸ್ನಾನ. ಸೊಸೆಗೆ ಇದನ್ನೆಲ್ಲ ಕಲಿಸಿದ್ದು ನಾನೇ. ಮಹಡಿ ಹತ್ತಿ ನೋಡುತ್ತೇನೆ, ಟಬ್ಬಿಗೆ ವಿಭೂತಿ ಬಳಿದು, ಚೆಂಡು ಹೂವಿನ ಹಾರ ಸುತ್ತಿ, ನಲ್ಲಿ ತಿರುಗಿಸೋಕೆ ನಿಂತಿದ್ದಾಳೆ.

ಗೋಡೆ ಮುಟ್ಟಿದೆ. ಬೆರಳು ಅಂಟಿತು. ತುಂಬಬೇಡ ಅಂದೆ.

“ಹೊಸ ಬಚ್ಚಲು ಅತ್ತೆ, ಹಬ್ಬದ ದಿನ ಬರಿದು ಬಿಡೋದಾ? ಊರಿಗೆಲ್ಲ ಶಾಸ್ತ್ರ ಹೇಳೋರು ನೀವು.”

“ನೀರು ತುಂಬು ಅಂತ ಶಾಸ್ತ್ರ, ಟಬ್ಬಿಗೇ ತುಂಬು ಅಂತ ಯಾರೂ ಹೇಳಿಲ್ಲ ಕಣೇ. ನಾಳೆ ನಿನ್ನ ಗಂಡ ಎಣ್ಣೆ ಮೈಯಲ್ಲಿ ಇಲ್ಲಿ ಹೊರಳಾಡಿದರೆ ಆ ನೀರು ನನ್ನ ದಿಂಬಿಗೆ ಬರುತ್ತೆ. ಕೆಳಗೆ ಡ್ರಮ್ಮಿದೆ, ಅದಕ್ಕೆ ತುಂಬು.”

ಮುಖ ದಪ್ಪ ಮಾಡಿಕೊಂಡೇ ಹಾರ ಬಿಚ್ಚಿ ಕೆಳಗೆ ಹೋದಳು. ನೀಲಿ ಪ್ಲಾಸ್ಟಿಕ್ ಡ್ರಮ್ಮು ವಿಭೂತಿ ಹಚ್ಚಿಕೊಂಡು ಚೆನ್ನಾಗೇ ಕಂಡಿತು. ಸ್ನಾನವೂ ಆಯಿತು, ಹಬ್ಬವೂ ಆಯಿತು.

ಕೋಟು ಪೂರ್ತಿ ಒಣಗಿದ ಮೇಲೆ, ಟೈಲ್ಸಿಗೆ ಮುಂಚೆ, ಸೊಸೆಯೇ ಟಬ್ಬು ತುಂಬಿ ಚೊಂಬು ಚೊಂಬು ಗೋಡೆಗೆ ಎರಚಿದಳು. ಬೇಕಾದ್ದಕ್ಕಿಂತ ಜೋರಾಗೇ ಎರಚಿದಳು. ನಾನು ಈಚೆ ಕೂತು ಹಲಗೆಯ ಬೆನ್ನಿಗೆ ಅಂಗೈ ಇಟ್ಟುಕೊಂಡಿದ್ದೆ.

“ಬಂತಾ ಅತ್ತೆ?”

“ಇಲ್ಲ. ಎರಚು.”

ತೋಳು ನೋಯುವವರೆಗೆ ಎರಚಿದಳು. ಅಂಗೈ ಒಣಗೇ ಇತ್ತು.

ಈಗ ಮಗ ದಿನಾ ಬೆಳಿಗ್ಗೆ ಟಬ್ಬಿನಲ್ಲಿ ಮಲಗಿ ಹಾಡುತ್ತಾನೆ. ನೀರು ಈ ಕಡೆ ಬರಲ್ಲ, ಹಾಡು ಬರುತ್ತೆ. ಶ್ರುತಿ ಇಲ್ಲ, ತಾಳವೂ ಇಲ್ಲ. ಕೆಮ್ಮೂ ಇಲ್ಲವಲ್ಲ, ಮಗ್ಗುಲು ಬದಲಿಸಿ ಇನ್ನೊಂದು ಗಳಿಗೆ ಮಲಗುತ್ತೇನೆ.