ಪೆನ್ಸಿಲು ಹಿಡಿದ ಸರ್ಜನ್

ಮೂವತ್ತೈದು ವರ್ಷ ಮಂಗಳೂರಿನಲ್ಲಿ ಸರ್ಜನ್ ಆಗಿದ್ದವನು ನಾನು. ನನ್ನ ಕೈಗಳ ಬಗ್ಗೆ ಬೇರೆಯವರು ಏನು ಹೇಳುತ್ತಿದ್ದರೋ ಗೊತ್ತಿಲ್ಲ, ನಾನಂತೂ ಬಹಳ ಹೇಳುತ್ತಿದ್ದೆ. ಮದುವೆಯೂಟಕ್ಕೆ ಕೂತಾಗಲೂ ಪಕ್ಕದವರ ಎಲೆಯ ಮೇಲೆ ಕೈಚಾಚಿ, "ನೋಡಿ, ಅರವತ್ತು ದಾಟಿದರೂ ಚೂರೂ ನಡುಕವಿಲ್ಲ" ಎನ್ನುತ್ತಿದ್ದೆ. ನಿವೃತ್ತನಾಗಿ ಅಮೆರಿಕದ ಮೌಂಟನ್ ವ್ಯೂನಲ್ಲಿರುವ ಮಗಳ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಈ ಕೈಗಳಿಗೆ ಸಿಕ್ಕ ಕೆಲಸವೆಂದರೆ ಡಿಶ್‌ವಾಶರಿನಿಂದ ತಟ್ಟೆ ತೆಗೆದಿಡುವುದು. ಅದನ್ನೂ ತಪ್ಪು ಕಪಾಟಿನಲ್ಲಿಡುತ್ತೇನೆಂದು ಅಳಿಯನ ದೂರಿತ್ತು.

ಮೊಮ್ಮಗಳ ಶಾಲೆಯ ಸಂಗೀತ ಕಾರ್ಯಕ್ರಮದಲ್ಲಿ ನಾನು ಮೊದಲ ಸಲ ಸೆಲ್ಲೊ ಕೇಳಿದೆ. ಪಿಟೀಲಿನ ದೊಡ್ಡಪ್ಪನಂಥ ವಾದ್ಯ. ಕುರ್ಚಿಯಲ್ಲಿ ಕೂತು, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನು ಎಳೆಯಬೇಕು. ಕೇಳಿ ಕಣ್ಣು ತುಂಬಿ ಬಂತು ಎಂದೇನೂ ಹೇಳಲಾರೆ. ಅನ್ನಿಸಿದ್ದು ಇಷ್ಟೇ: ಇದು ಕೈಹಿಡಿತದ ವಿಷಯ ತಾನೇ? ಕೂದಲೆಳೆಯಂಥ ರಕ್ತನಾಳ ಹೊಲಿದವನಿಗೆ ಇದೇನು ಮಹಾ? ಆರು ತಿಂಗಳಲ್ಲಿ ನುಡಿಸಿ ತೋರಿಸುತ್ತೇನೆ ಎಂದು ಅವತ್ತೇ ಹೆಂಡತಿಗೆ ಹೇಳಿದೆ.

"ಯಾರಿಗೆ ತೋರಿಸ್ಲಿಕ್ಕೆ?" ಎಂದಳು ಅವಳು.

ಹತ್ತಿರದ ಕ್ಯಾಂಪ್‌ಬೆಲ್ ಊರಿನಲ್ಲಿ ಮಂಗಳೂರು ಕಡೆಯವರ ಹುಡುಗಿಯೊಬ್ಬಳು ಸೆಲ್ಲೊ ಕಲಿಸುತ್ತಾಳೆಂದು ಮಗಳು ಪತ್ತೆ ಮಾಡಿದಳು. ನಾನು ಈಮೇಲ್ ಬರೆದೆ. ಅದರ ಕೆಳಗೆ ನನ್ನ ಪದವಿಗಳನ್ನೆಲ್ಲ ಮರೆಯದೆ ಹಾಕಿದೆ. ಬಾಡಿಗೆ ಸೆಲ್ಲೊ ತಂದು, ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಕಟ್ಟಿದೆ. ಜೊತೆಗೆ ಬಂದಿದ್ದ ಹೆಂಡತಿಗೆ ಹಿಂದಿನ ಸೀಟು ಸಿಕ್ಕಿತು.

ಪಾಠ ನಡೆಯುವುದು ಗ್ಯಾರೇಜನ್ನೇ ಕೋಣೆ ಮಾಡಿದ ಜಾಗದಲ್ಲಿ. ಹೊರಗೆ ಕಾಯುತ್ತಿದ್ದ ಬೆಂಗಳೂರಿನ ಅಪ್ಪನೊಬ್ಬ ಲ್ಯಾಪ್‌ಟಾಪಿನಿಂದ ತಲೆಯೆತ್ತಿ, "ನಿಮ್ ಮೊಮ್ಮಗು ಯಾವ್ದು ಅಂಕಲ್?" ಎಂದ.

"ಕಲಿಯೋದು ನಾನೇ" ಎಂದೆ.

ಅವನು ಗಾಬರಿಯಾದ. "ಓ! ಆದ್ರೆ... ಯಾಕೆ? ನಮ್ಮ್ ಮಗಳಿಗಾದ್ರೆ ಕಾಲೇಜ್ ಅಪ್ಲಿಕೇಶನ್‌ಗೆ ಬೇಕಾಗತ್ತೆ." ಅವನ ಮಗಳಿಗೆ ಆಗ ಏಳು ವರ್ಷ. ಆಕೆಯ ಬಿದ್ದ ಮುಂಭಾಗದ ಹಲ್ಲುಗಳೇ ಇನ್ನೂ ಮತ್ತೆ ಬಂದಿರಲಿಲ್ಲ.

ಟೀಚರಿಗೆ ಇಪ್ಪತ್ತನಾಲ್ಕಿರಬಹುದು. ನಾನು ಕನ್ನಡದಲ್ಲಿ ಕೇಳಿದ್ದೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. ಮೊದಲ ದಿನ ಸೆಲ್ಲೊವನ್ನು ಮೂಲೆಗಿಟ್ಟು ನನ್ನ ಕೈಗೆ ಒಂದು ಪೆನ್ಸಿಲು ಕೊಟ್ಟಳು. ಕಮಾನು ಹಿಡಿಯುವ ಹಾಗೆ ಅದನ್ನು ಹಿಡಿದು ಕೈಯನ್ನು ಆಚೀಚೆ ಆಡಿಸಬೇಕಂತೆ.

"ನಾನು ಸರ್ಜನ್ ಆಗಿದ್ದವನಮ್ಮ" ಎಂದೆ.

"ದಟ್ಸ್ ಗ್ರೇಟ್, ಅಂಕಲ್. ಬೆಂಡ್ ಯುವರ್ ಥಂಬ್."

ಒಂದು ತಿಂಗಳು ನಾನು ಗಾಳಿಯಲ್ಲಿ ಪೆನ್ಸಿಲು ಆಡಿಸಿದೆ. ಹೆಬ್ಬೆರಳು ಮಣಿಯಲೊಲ್ಲದು. ಚಾಕು ಹಿಡಿದಂತೆ ಬಿಗಿಯಾಗಿ ಹಿಡಿದು ಅಭ್ಯಾಸವಾದ ಬೆರಳುಗಳನ್ನು ಅವಳು ಒಂದೊಂದಾಗಿ ಬಿಡಿಸುತ್ತಿದ್ದಳು. ಅವಳು ಕೈ ತೆಗೆದ ಕೂಡಲೇ ಅವು ಮತ್ತೆ ಬಿಗಿಯುತ್ತಿದ್ದವು. ತಿಂಗಳ ಕೊನೆಗೆ ನನ್ನ ಪುಸ್ತಕದ ಮೇಲೆ ಕಪ್ಪೆಯ ಸ್ಟಿಕರ್ ಅಂಟಿಸಿದಳು. ಹಲ್ಲಿಲ್ಲದ ಹುಡುಗಿಯ ಪುಸ್ತಕದಲ್ಲಿ ಜಾಗವೇ ಉಳಿಯದಷ್ಟು ಸ್ಟಿಕರುಗಳಿದ್ದವು. ಅವನ್ನು ನಾನು ಎಣಿಸಿದ್ದೆ ಎಂದು ಯಾರಿಗೂ ಹೇಳಿರಲಿಲ್ಲ.

ಕಮಾನು ಕೈಗೆ ಬಂದ ಮೇಲೆ ಮನೆಯಲ್ಲಿ ಶಬ್ದ ಶುರುವಾಯಿತು. "ಎಂತ ಮಾರಾಯ್ರೆ, ಒಳಗೆ ಮರ ಕೊಯ್ತಿದ್ದೀರಾ?" ಎಂದು ಹೆಂಡತಿ ಬಾಗಿಲು ಹಾಕಿದಳು. ಕೆಳಗಿನ ಮನೆಯವರು ಒಂದು ನಯವಾದ ಚೀಟಿ ಬರೆದು ಬಾಗಿಲಿಗೆ ಅಂಟಿಸಿದರು. ನನ್ನ ಹುರುಪು ಇಳಿಯಲಿಲ್ಲ. ಆರು ತಿಂಗಳಿಗೆ ಟೀಚರು ಚರ್ಚೊಂದರ ಹಾಲಿನಲ್ಲಿ ಶಿಷ್ಯರ ಕಾರ್ಯಕ್ರಮವಿಟ್ಟಾಗ, ಬೇಡ ಅಂಕಲ್ ಎಂದು ಅವಳು ಹೇಳಿದರೂ ಕೇಳದೆ ಹೆಸರು ಕೊಟ್ಟೆ.

ಹದಿನಾಲ್ಕು ಮಕ್ಕಳು, ಮತ್ತೆ ನಾನು. ಬಿಳಿ ಅಂಗಿ ಹಾಕಿಕೊಂಡು ಸರದಿಯಲ್ಲಿ ಕೂತೆ. ಎರಡು ಸಾಲಿನ ಒಂದು ಪುಟ್ಟ ಹಾಡು. ಕಮಾನನ್ನು ತಂತಿಗೆ ತಾಗಿಸಿದ್ದೇ ತಡ, ನನ್ನ ಬಲಗೈ ನಡುಗಿತು. ಸಣ್ಣಗಲ್ಲ, ಮೊಣಕೈಯಿಂದಲೇ. ಕಮಾನು ತಂತಿಯ ಮೇಲೆ ಕುಣಿಯಿತು. ಕೆಟ್ಟು ನಿಂತ ಸ್ಕೂಟರನ್ನು ಸ್ಟಾರ್ಟ್ ಮಾಡುವಾಗಿನ ಸದ್ದು ಬಂತು. ಎರಡನೆಯ ಸಾಲಿಗೆ ಹೋಗದೆ ಎದ್ದು ನಿಂತು ನಮಸ್ಕಾರ ಮಾಡಿದೆ. ಆ ಹಾಲಿನಲ್ಲಿ ಅಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಬಿದ್ದದ್ದು ನನಗೆ. ರಸ್ತೆಯಲ್ಲಿ ಬಿದ್ದ ಮುದುಕ ತಾನಾಗಿ ಎದ್ದು ನಿಂತಾಗ ಜನ ಸಮಾಧಾನಪಡುತ್ತಾರಲ್ಲ, ಅಂಥ ಚಪ್ಪಾಳೆ.

ಮುಗಿದ ಮೇಲೆ ತಿಂಡಿಯ ಮೇಜಿನ ಬಳಿ ಟೀಚರ ತಾಯಿ ಬಡಿಸುತ್ತಿದ್ದರು. ಆಸ್ಪತ್ರೆಯ ಕೆಲಸ ಎಂದು ಕೇಳಿದ್ದೆ; ಪಾಠಕ್ಕೆ ಹೋದಾಗ ಒಮ್ಮೆಯೂ ಕಂಡಿರಲಿಲ್ಲ.

"ಗೋಳಿಬಜೆ ತಗೊಳ್ಳಿ ಡಾಕ್ಟ್ರೇ" ಎಂದರು.

ಇಲ್ಲಿ ಎಲ್ಲರಿಗೂ ನಾನು ಅಂಕಲ್. ಬಹಳ ದಿನದ ಮೇಲೆ ಡಾಕ್ಟ್ರೇ ಎಂದು ಕೇಳಿ ಬೆನ್ನು ನೆಟ್ಟಗಾಯಿತು. "ನಾನು ಡಾಕ್ಟರ್ ಅಂತ ನಿಮಗೆ ಹೇಗೆ ಗೊತ್ತು?"

"ನಾಲ್ಕು ವರ್ಷ ನಿಮ್ಮ ಆಪರೇಶನ್ ಥಿಯೇಟರಲ್ಲಿ ಕೈಗೆ ಕತ್ತರಿ ಕೊಟ್ಟವಳು ನಾನು. ಗೊತ್ತಿರ್ಲಿಕ್ಕಿಲ್ವಾ?"

ನಾನು ಅವರ ಮುಖ ನೋಡಿದೆ. ಏನೂ ನೆನಪಾಗಲಿಲ್ಲ. ಎಲ್ಲರೂ ಮಾಸ್ಕ್ ಹಾಕಿರುತ್ತಿದ್ದೆವಲ್ಲ ಎನ್ನಬಹುದಿತ್ತು. ನಿಜವೆಂದರೆ ನಾನು ಎಂದೂ ತಿರುಗಿ ನೋಡಿದವನಲ್ಲ. ಕೈ ಚಾಚುತ್ತಿದ್ದೆ, ಬೇಕಾದದ್ದು ಬಂದು ಬೀಳುತ್ತಿತ್ತು.

"ಒಂದು ದಿನ ನಾನು ತಪ್ಪು ಕತ್ತರಿ ಕೊಟ್ಟೆ" ಎಂದರು ಅವರು. "ನೀವು ಟ್ರೇ ಎತ್ತಿ ಗೋಡೆಗೆ ಬಿಸಾಡಿದ್ರಿ. ಇದು ಕೈಯಾ, ಸೌಟಾ ಅಂತ ಎಲ್ಲರ ಎದುರು ಕೇಳಿದ್ರಿ. ನೆಲದ ಮೇಲಿನದ್ದನ್ನೆಲ್ಲ ಹೆಕ್ಕಿದ್ದೂ ನಾನೇ."

"ಛೆ, ಅದು ನಾನಿರಲಿಕ್ಕಿಲ್ಲ. ಬೇರೆ ಯಾರೋ..."

"ಅಲ್ಲ. ನೀವೇ." ಅವರು ನನ್ನ ತಟ್ಟೆಗೆ ಚಟ್ನಿ ಹಾಕಿದರು. "ನಿಮ್ಮ ಈಮೇಲ್ ಬಂದಾಗ, ಇಷ್ಟು ವಯಸ್ಸಾದವರಿಗೆ ಕಲಿಸ್ಲಿಕ್ಕೆ ಆಗ್ತದಾ ಅಂತ ಮಗಳು ಕೇಳಿದ್ಲು. ಖಂಡಿತ ಸೇರಿಸ್ಕೋ ಅಂದೆ. ಗಟ್ಟಿ ಕೈಯವರು, ಪೆನ್ಸಿಲು ಮಾತ್ರ ಒಂದು ತಿಂಗಳು ಕೊಡು ಅಂದೆ."

"ಎಲ್ಲರಿಗೂ ಒಂದು ತಿಂಗಳಲ್ವಾ?"

"ಮಕ್ಕಳಿಗೆ ಒಂದು ವಾರ."

ಕಾರಿನಲ್ಲಿ ಹೆಂಡತಿಗೆ ಎಲ್ಲ ಹೇಳಿದೆ. ಫ್ರೀವೇ ಬರುವಷ್ಟರಲ್ಲಿ ಅವಳು ನಗತೊಡಗಿದಳು. ಮನೆ ಮುಟ್ಟಿದರೂ ನಗು ನಿಲ್ಲಲಿಲ್ಲ. "ಒಬ್ರಿಗಾದ್ರೂ ನಿಮ್ಗೆ ಶಿಕ್ಷೆ ಕೊಡ್ಲಿಕ್ಕೆ ಸಾಧ್ಯ ಆಯ್ತಲ್ಲ" ಎಂದಳು. ಟ್ರೇ ಎಸೆದದ್ದು ನಾನೇ ಇರಬಹುದೇ ಎಂದು ಅವಳನ್ನು ಕೇಳುವ ಧೈರ್ಯ ನನಗೆ ಬರಲಿಲ್ಲ.

ಎರಡು ವಾರ ಪಾಠಕ್ಕೆ ಹೋಗಲಿಲ್ಲ. ಮೂರನೆಯ ವಾರ ಸೆಲ್ಲೊ ಇಲ್ಲದೆ ಹೋಗಿ ಅವರ ಮುಂಬಾಗಿಲು ತಟ್ಟಿದೆ. ತಾಯಿಯೇ ತೆಗೆದರು. ದಾರಿಯುದ್ದಕ್ಕೂ ತಯಾರಿಸಿಕೊಂಡ ಮಾತು ಹೀಗೆ ಹೊರಬಂತು: "ಆಗ ಕೆಲಸದ ಒತ್ತಡ ತುಂಬಾ ಇತ್ತು, ನೋಡಿ."

"ನನಗೂ ಇತ್ತು" ಎಂದರು.

ಆಮೇಲೆ ನಾನು "ತಪ್ಪಾಯಿತು" ಎಂದೆ. ಅವರು ತಲೆಯಾಡಿಸಿದರು, ಪರವಾಗಿಲ್ಲ ಎನ್ನಲಿಲ್ಲ. ಒಳಗೆ ಕರೆಯಲೂ ಇಲ್ಲ. ಡ್ಯೂಟಿಗೆ ಹೊತ್ತಾಯಿತೆಂದು ಕಾರಿನ ಕೀ ಹುಡುಕತೊಡಗಿದರು.

ಮುಂದಿನ ಗುರುವಾರ ಸೆಲ್ಲೊ ಹೊತ್ತು ಗ್ಯಾರೇಜಿಗೆ ಹೋದಾಗ ಟೀಚರ ಮುಖ ಬಿಗಿದಿತ್ತು. "ಅಮ್ಮ ಟೋಲ್ಡ್ ಮಿ ಎವ್ರಿಥಿಂಗ್" ಎಂದಳು. "ಆರ್ ಯು ಸ್ಟಿಲ್ ಲೈಕ್ ದಟ್?" ಎಂದು ಕೇಳಿದಳು.

ಹಾಗಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವಳು ನನ್ನನ್ನೇ ನೋಡುತ್ತಿದ್ದಳು. "ಗೊತ್ತಿಲ್ಲಮ್ಮ" ಎಂದೆ. "ಈಗ ನನ್ನ ಕೈಕೆಳಗೆ ಯಾರೂ ಇಲ್ಲ."

ಅವಳು ಆ ಉತ್ತರವನ್ನು ಒಪ್ಪಿದಳೋ ಇಲ್ಲವೋ, ಎದುರಿನ ಕುರ್ಚಿಯಲ್ಲಿ ಕೂತಳು. "ಓಕೆ. ಲಾಂಗ್ ಬೋಸ್, ಅಂಕಲ್. ಸ್ಲೋಲಿ." ಅರ್ಧ ಗಂಟೆ ಒಂದೇ ತಂತಿಯ ಮೇಲೆ ಕಮಾನನ್ನು ಉದ್ದುದ್ದ ಎಳೆಸಿದಳು. ಹತ್ತರಲ್ಲಿ ಎರಡು ಸರಿ ಬಂದವು. ಅವತ್ತು ಸ್ಟಿಕರ್ ಸಿಗಲಿಲ್ಲ, ಮುಂದಿನ ವಾರ ಅದೇ ಹೊತ್ತಿಗೆ ಬರಲು ಹೇಳಿದಳು.